ನಮಾಝಿನಲ್ಲಿ ಮನಸ್ಸು ಎಲ್ಲಿರುತ್ತದೆ?

(ಮಸೀದಿ ಸಂದರ್ಶನಕ್ಕೆ ಬಂದಿದ್ದ ನೆರೆಹೊರೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಹೆಸರುಗಳ ಜೊತೆ ಬರುವ (ಸ), (ರ) ಅನ್ನುವವು ಪ್ರವಾದಿಯವರಿಗೂ ಅವರ ಸಂಗಾತಿಗಳಿಗೂ ಗೌರವದಿಂದ ಹೇಳುವ ಹಾರೈಕೆಯ ಚಿಕ್ಕ ರೂಪ.)

ಎಲ್ಲರಿಗೂ ನಮಸ್ಕಾರ, ಅಸ್ಸಲಾಮು ಅಲೈಕುಂ.

ನೀವೆಲ್ಲ ಈಗಷ್ಟೇ ಮಸೀದಿಯನ್ನು ಒಂದು ಸುತ್ತು ಹಾಕಿ ಬಂದಿದ್ದೀರಿ. ಕೈಕಾಲು ತೊಳೆಯುವ ಹೌಝ್ ನೋಡಿದಿರಿ. ಇಮಾಮರು ನಿಲ್ಲುವ ಮಿಹ್ರಾಬ್ ನೋಡಿದಿರಿ. ಒಳಗೆ ಮೂರ್ತಿ ಇಲ್ಲ, ಚಿತ್ರ ಇಲ್ಲ, ದೀಪ ಇಲ್ಲ. ಯಾರೋ ಒಬ್ಬರು "ಇಷ್ಟೇನಾ?" ಅಂದದ್ದು ನನ್ನ ಕಿವಿಗೂ ಬಿತ್ತು. ಹೌದು, ಇಷ್ಟೇ. ನೋಡೋದಕ್ಕೆ ಇಲ್ಲಿ ಜಾಸ್ತಿ ಏನೂ ಇಲ್ಲ. ಹಾಗಾಗಿ ಕಣ್ಣಿಗೆ ಕಾಣದ ಭಾಗದ ಬಗ್ಗೆ ನಾಲ್ಕು ಮಾತಾಡುತ್ತೇನೆ.

ಚಹಾ ಕುಡಿಯುವಾಗ ಒಬ್ಬ ಹಿರಿಯರು ಕೇಳಿದರು: "ನಮಾಝಿಗೆ ನಿಂತಾಗ ನಿಮ್ಮ ಮನಸ್ಸಿನಲ್ಲಿ ಏನಿರುತ್ತದೆ?" ಬಹಳ ಒಳ್ಳೆಯ ಪ್ರಶ್ನೆ. ಪುಸ್ತಕದ ಉತ್ತರ ಸುಲಭ: ದೇವರು ಇರುತ್ತಾನೆ. ನಿಜವಾದ ಉತ್ತರ ಬೇರೆ. ಗ್ಯಾಸ್ ಬುಕ್ ಮಾಡಿದ್ದೀನಾ ಇಲ್ವಾ, ಮಗಳ ಫೀಸು ಕಟ್ಟುವ ಕೊನೇ ದಿನ ಯಾವತ್ತು, ಹೊರಗೆ ನಿಲ್ಲಿಸಿದ ಸ್ಕೂಟರಿಗೆ ಬೀಗ ಹಾಕಿದೆನಾ. ನೋಡಿ, ಹಿಂದೆ ಕೂತಿರುವ ನಮ್ಮ ನಮಾಝಿಗಳು ನಗುತ್ತಿದ್ದಾರೆ. ಅಂದರೆ ನಾನೊಬ್ಬನೇ ಅಲ್ಲ.

ಇದು ಇವತ್ತಿನ ಮೊಬೈಲ್ ಕಾಲದ ಕಾಯಿಲೆ ಅಂದುಕೊಳ್ಳಬೇಡಿ. ಪ್ರವಾದಿ ಮುಹಮ್ಮದ್(ಸ) ಅವರೇ ಹೇಳಿದ ಒಂದು ಮಾತು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಹದೀಸ್ ಅಂದರೆ ಪ್ರವಾದಿಯವರ ಮಾತು, ನಡೆಗಳ ವರದಿ. ಅಝಾನ್, ಅಂದರೆ ನಮಾಝಿನ ಕರೆ, ಕೇಳಿದ ಕೂಡಲೇ ಶೈತಾನ್ ಓಡಿಹೋಗುತ್ತಾನೆ. ಅದು ಮುಗಿದ ಮೇಲೆ ವಾಪಸ್ ಬರುತ್ತಾನೆ. ನಮಾಝಿಗೆ ನಿಂತವನ ಮನಸ್ಸಿನೊಳಗೆ ನುಗ್ಗಿ "ಅದನ್ನು ನೆನಪು ಮಾಡಿಕೋ, ಇದನ್ನು ನೆನಪು ಮಾಡಿಕೋ" ಅನ್ನುತ್ತಾನೆ. ಅಲ್ಲಿಯವರೆಗೆ ಅವನಿಗೆ ನೆನಪೇ ಇರದಿದ್ದ ವಿಷಯಗಳು! ಕೊನೆಗೆ ಎಷ್ಟು ರಕಅತ್ (ನಿಂತು, ಬಗ್ಗಿ, ನೆಲಕ್ಕೆ ಹಣೆ ಹಚ್ಚುವ ಒಂದು ಸುತ್ತು) ಆಯಿತು ಅನ್ನುವುದೇ ಗೊತ್ತಾಗದ ಹಾಗೆ ಮಾಡಿಬಿಡುತ್ತಾನೆ.

ಇದಕ್ಕೆ ಹೊಂದುವ ಒಂದು ಕಥೆಯನ್ನು ನಮ್ಮಲ್ಲಿ ಹೇಳುತ್ತಾರೆ. 8ನೇ ಶತಮಾನದಲ್ಲಿ ಇರಾಕಿನ ಕೂಫಾ ಪಟ್ಟಣದಲ್ಲಿ ಇಮಾಮ್ ಅಬೂ ಹನೀಫಾ ಅಂತ ದೊಡ್ಡ ವಿದ್ವಾಂಸರಿದ್ದರು. ಒಬ್ಬ ಅವರ ಹತ್ತಿರ ಬಂದು "ದುಡ್ಡು ಹೂತಿಟ್ಟಿದ್ದೆ, ಎಲ್ಲಿ ಅಂತ ಮರೆತುಹೋಗಿದೆ, ಏನು ಮಾಡಲಿ?" ಅಂತ ಕೇಳಿದನಂತೆ. "ಹೋಗು, ಇವತ್ತು ರಾತ್ರಿ ಬೆಳಗಾಗುವ ತನಕ ನಮಾಝ್ ಮಾಡು" ಅಂದರು ಇಮಾಮರು. ಅವನು ಶುರು ಮಾಡಿ ಸ್ವಲ್ಪ ಹೊತ್ತು ಆಗಿತ್ತೋ ಇಲ್ಲವೋ, ಜಾಗ ನೆನಪಾಯಿತು. ಮಾರನೇ ದಿನ ಓಡಿ ಬಂದ. ಇಮಾಮರು ನಗುತ್ತಾ ಹೇಳಿದರಂತೆ: "ಶೈತಾನ್ ನಿನ್ನನ್ನು ರಾತ್ರಿಯಿಡೀ ನಮಾಝ್ ಮಾಡಲು ಬಿಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದಿರಲಿ, ದುಡ್ಡು ಸಿಕ್ಕ ಖುಷಿಗಾದರೂ ಮಿಕ್ಕ ರಾತ್ರಿ ಮುಗಿಸಬಾರದಿತ್ತಾ?"

ಎರಡನೇ ಖಲೀಫರಾದ ಹಝ್ರತ್ ಉಮರ್(ರ) ಅವರಂಥವರೇ "ನಮಾಝಿನಲ್ಲಿರುವಾಗಲೂ ನಾನು ಸೈನ್ಯ ಸಜ್ಜುಗೊಳಿಸುತ್ತಿರುತ್ತೇನೆ" ಅಂದದ್ದು ದಾಖಲಾಗಿದೆ. ವಿದ್ವಾಂಸರು ಆ ಮಾತಿಗೆ ಬೇರೆ ಬೇರೆ ವಿವರಣೆ ಕೊಡುತ್ತಾರೆ. ನನಗಂತೂ ಅದನ್ನು ಓದಿದಾಗ ಸ್ವಲ್ಪ ಧೈರ್ಯ ಬಂತು.

ಇವತ್ತು ನಾನು ಹೇಳಬೇಕು ಅಂದುಕೊಂಡದ್ದು ಇಷ್ಟು. ಮನಸ್ಸು ಒಂದೇ ಕಡೆ ನಿಲ್ಲುವುದಿಲ್ಲ ಅಂತ ಗೊತ್ತಿದ್ದೇ ನಮಾಝಿನ ಕಟ್ಟೋಣ ನಡೆದಿದೆ. ಹೋದ ಮನಸ್ಸನ್ನು ಮತ್ತೆ ಮತ್ತೆ ವಾಪಸ್ ಕರೆಯುವುದೇ ಅದರ ಕೆಲಸ. ದಿನಕ್ಕೆ ಐದು ಸಲ ಹೊರಗಿನಿಂದ ಅಝಾನ್ ಕರೆಯುತ್ತದೆ. ಒಳಗೆ ಬಂದ ಮೇಲೂ ಕರೆಯುವುದು ನಿಲ್ಲುವುದಿಲ್ಲ. ಬಗ್ಗುವಾಗ, ನೆಲಕ್ಕೆ ಹೋಗುವಾಗ, ಏಳುವಾಗ, ಹೆಚ್ಚುಕಡಿಮೆ ಪ್ರತಿ ಸಲವೂ "ಅಲ್ಲಾಹು ಅಕ್ಬರ್", ಅಲ್ಲಾಹನೇ ಎಲ್ಲಕ್ಕಿಂತ ದೊಡ್ಡವನು. ನಾಲ್ಕು ರಕಅತ್‌ನ ಒಂದು ನಮಾಝಿನಲ್ಲಿ ಈ ಮಾತು 22 ಸಲ ಬರುತ್ತದೆ. ದಿನದ ಕಡ್ಡಾಯ ನಮಾಝುಗಳು, ಅಂದರೆ ಫರ್ಝ್, ಒಟ್ಟು 17 ರಕಅತ್. ಅಷ್ಟರಲ್ಲಿ 94 ಸಲ. ಯಾಕೆ ಇಷ್ಟು ಸಲ? ಒಂದು ಸಲ ಹೇಳಿದರೆ ಸಾಕಾಗುವ ಜನ ನಾವಲ್ಲ, ಅದಕ್ಕೆ.

ಈಗ ಗೋಡೆಯ ಮೇಲಿನ ಆ ಬೋರ್ಡ್ ನೋಡಿ. ಆರು ಗಡಿಯಾರಗಳ ಚಿತ್ರ ಇದೆ. ಐದು ಹೊತ್ತಿನ ನಮಾಝಿಗೆ ಐದು, ಶುಕ್ರವಾರದ ಜುಮಾಕ್ಕೆ ಒಂದು. ಮುಳ್ಳುಗಳು ತಾವಾಗಿ ತಿರುಗುವುದಿಲ್ಲ. ಹೊತ್ತು ಬದಲಾದ ಹಾಗೆ ಅಝಾನ್ ಕೂಗುವ ಮುಅಝಿನ್ ಸಾಹೇಬರು ಕೈಯಿಂದ ತಿರುಗಿಸುತ್ತಾರೆ. ನಮ್ಮ ದಿನದ ಲೆಕ್ಕ ಸೂರ್ಯನ ಜೊತೆ ನಡೆಯುತ್ತದೆ. ಮೂಡಣ ಬೆಳಗಾಗುವುದರಿಂದ ಸೂರ್ಯ ಹುಟ್ಟುವವರೆಗೆ ಫಜರ್. ನೆತ್ತಿಯಿಂದ ಸೂರ್ಯ ವಾಲಿದ ಮೇಲೆ ಝುಹರ್. ನೆರಳು ಉದ್ದವಾದ ಮೇಲೆ ಅಸರ್. ಸೂರ್ಯ ಮುಳುಗಿದ ಕೂಡಲೇ ಮಗ್ರಿಬ್. ಪಡುವಣದ ಬೆಳಕು ಪೂರ್ತಿ ಆರಿದ ಮೇಲೆ ಇಶಾ.

ನೆರಳು ಎಷ್ಟು ಉದ್ದ ಆಗಬೇಕು ಅನ್ನುವುದರಲ್ಲಿ ನಮ್ಮಲ್ಲೇ ಎರಡು ಅಭಿಪ್ರಾಯ ಇದೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿ ಪಂಥದವರು. ವಸ್ತುವಿನ ನೆರಳು ಅದರಷ್ಟೇ ಉದ್ದವಾದರೆ ಅವರಿಗೆ ಅಸರ್ ಆಯಿತು. ಒಳನಾಡಿನಲ್ಲಿ ಉರ್ದು ಮಾತಾಡುವವರು ಹೆಚ್ಚಾಗಿ ಹನಫಿಗಳು. ಅವರು ಎರಡರಷ್ಟು ಆಗುವ ತನಕ ಕಾಯುತ್ತಾರೆ. ಹಾಗಾಗಿ ಮಂಗಳೂರಿನಿಂದ ಮೈಸೂರಿಗೆ ಬಂದ ಹುಡುಗನಿಗೆ ಮೊದಲ ವಾರ "ಇಲ್ಲಿ ಅಸರ್ ಯಾಕಿಷ್ಟು ಲೇಟು?" ಅನಿಸುತ್ತದೆ. ಇವೆಲ್ಲ ಮನೆಯೊಳಗಿನ ಜಗಳ, ಬಿಡಿ.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಹೊತ್ತನ್ನೆಲ್ಲ ಸೂರ್ಯನಿಂದಲೇ ಗುರುತಿಸುತ್ತೇವೆ. ಆದರೆ ಸೂರ್ಯ ಹುಟ್ಟುತ್ತಿರುವಾಗ, ಸರಿಯಾಗಿ ನೆತ್ತಿಯ ಮೇಲಿರುವಾಗ, ಮುಳುಗುತ್ತಿರುವಾಗ ಸುಮ್ನೆ ನಮಾಝಿಗೆ ನಿಲ್ಲಬಾರದು ಅಂತ ಪ್ರವಾದಿಯವರು(ಸ) ತಡೆದಿದ್ದಾರೆ. ಸೂರ್ಯನಿಗೇ ನಮಿಸಿದ ಹಾಗೆ ಆಗಬಾರದು ಅಂತ. ಗಡಿಯಾರ ಬೇಕು, ಗಡಿಯಾರಕ್ಕೆ ಕೈಮುಗಿಯುವುದು ಬೇಡ.

ಕುರ್‌ಆನಿನ 4ನೇ ಅಧ್ಯಾಯದಲ್ಲಿ, ನಮಾಝ್ ವಿಶ್ವಾಸಿಗಳಿಗೆ ಸಮಯ ನಿಗದಿಯಾದ ಕರ್ತವ್ಯ ಅನ್ನುವ ಮಾತಿದೆ. ಈ ನಿಗದಿಯೇ ಮನುಷ್ಯನಿಗೆ ಕಷ್ಟ. ಮನಸ್ಸು ಬಂದಾಗ ಪ್ರಾರ್ಥನೆ ಮಾಡಿ ಅಂದಿದ್ದರೆ ಎಷ್ಟು ಹಾಯಾಗಿತ್ತು! ಮನಸ್ಸು ಬರುವುದು ಯಾವಾಗ? ಮಗ ಪರೀಕ್ಷೆಗೆ ಹೋದಾಗ, ಡಾಕ್ಟರು ಸ್ಕ್ಯಾನಿಂಗ್ ಬರೆದುಕೊಟ್ಟಾಗ. ಆದರೆ ಅಝಾನ್ ನಮ್ಮ ಮನಸ್ಸನ್ನು ಕೇಳಿಕೊಂಡು ಬರುವುದಿಲ್ಲ. ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟವರನ್ನು ಕೇಳಿ. ಗಿರಾಕಿಗಳು ನುಗ್ಗುವುದೇ ಸಂಜೆ ದೀಪ ಹಚ್ಚುವ ಹೊತ್ತಿಗೆ. ಮಗ್ರಿಬ್ ಬರುವುದೂ ಆಗಲೇ. ಫಜರ್ ಬರುವುದು ನಿದ್ದೆ ಸಿಹಿಯಾಗಿರುವಾಗ. ಅದಕ್ಕೇ ಆ ಒಂದು ಅಝಾನಿನಲ್ಲಿ ಮಾತ್ರ "ನಿದ್ದೆಗಿಂತ ನಮಾಝ್ ಒಳ್ಳೆಯದು" ಅಂತ ಎರಡು ಸಲ ಸೇರಿಸುತ್ತಾರೆ. "ನನ್ನ ಟೈಮು" ಅಂತ ನಾವು ಗಟ್ಟಿಯಾಗಿ ಹಿಡಿದುಕೊಂಡ ಜಾಗದಲ್ಲೇ ಅದು ಬಂದು ಕೈ ಹಾಕುತ್ತದೆ. ಇದು ನನ್ನ ಟೈಮಲ್ಲ, ಕೊಟ್ಟವನು ಬೇರೆ ಇದ್ದಾನೆ ಅನ್ನುವುದು ಆಗ ಗೊತ್ತಾಗುತ್ತದೆ, ಸ್ವಲ್ಪ ಕಿರಿಕಿರಿಯ ಜೊತೆಗೇ.

ಹಾಗಂತ ಅಂಗಡಿ ಮುಚ್ಚಿ ಸನ್ಯಾಸಿಯಾಗು ಅಂತಲೂ ಇಲ್ಲ. ಜುಮಾದ ಬಗ್ಗೆ ಕುರ್‌ಆನ್ ಹೇಳುವುದು ನೋಡಿ: ಕರೆ ಬಂದಾಗ ವ್ಯಾಪಾರ ಬಿಟ್ಟು ಬನ್ನಿ. ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಹರಡಿಕೊಳ್ಳಿ, ಅಲ್ಲಾಹನ ಅನುಗ್ರಹ ಹುಡುಕಿಕೊಳ್ಳಿ. ವಾಪಸ್ ಹೋಗಿ ಗಲ್ಲಾಪೆಟ್ಟಿಗೆ ಮುಂದೆ ಕೂತುಕೊಳ್ಳಬಹುದು.

ವುಝೂ, ಅಂದರೆ ನಮಾಝಿಗೆ ಮುಂಚೆ ಕೈಕಾಲು ತೊಳೆಯುವುದು, ಅದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ನೀವೇ ನೋಡಿದ್ದೀರಿ. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಿಂದ ತಲೆ, ಕಣಕಾಲುವರೆಗೆ ಪಾದ. ಪ್ರವಾದಿಯವರು(ಸ) ಒಂದು ಮುದ್ದ್ ಅಳತೆಯ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ಅಂದರೆ ಒಂದು ಲೀಟರಿಗಿಂತ ಕಡಿಮೆ. ನಾವು ನಲ್ಲಿ ಪೂರ್ತಿ ತಿರುಗಿಸಿಟ್ಟು ಪಕ್ಕದವನ ಹತ್ತಿರ ಕ್ರಿಕೆಟ್ ಸ್ಕೋರ್ ಮಾತಾಡುತ್ತೇವೆ. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಮಾತ್ರ ಆ ಹದೀಸ್ ನೆನಪಾಗುತ್ತದೆ.

ಇನ್ನು ದಿಕ್ಕು. "ನೀವು ಪಶ್ಚಿಮಕ್ಕೆ ಮುಖ ಮಾಡುವವರು" ಅಂತ ನಮ್ಮ ಕಡೆ ಹೇಳುತ್ತಾರೆ. ಅದು ನಾವು ಮಕ್ಕಾದ ಪೂರ್ವಕ್ಕಿರುವುದರಿಂದ. ಟರ್ಕಿಯವರು ದಕ್ಷಿಣಕ್ಕೆ ತಿರುಗುತ್ತಾರೆ, ಮೊರಾಕ್ಕೋದವರು ಪೂರ್ವಕ್ಕೆ. ಎಲ್ಲರ ಮುಖವೂ ಒಂದೇ ಕಟ್ಟಡದ ಕಡೆಗೆ, ಕಾಬಾ ಕಡೆಗೆ. ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ಕಾಬಾದ ನೆತ್ತಿಯ ಮೇಲೆ ಬರುತ್ತಾನೆ. ಮೇ 28ರ ಸುಮಾರಿಗೆ ನಮ್ಮ ಸಮಯ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ, ಜುಲೈ 16ರ ಸುಮಾರಿಗೆ 2 ಗಂಟೆ 57 ನಿಮಿಷಕ್ಕೆ. ಆ ಹೊತ್ತಿನಲ್ಲಿ ಅಂಗಳದಲ್ಲಿ ಒಂದು ಕೋಲು ನೆಟ್ಟು ಅದರ ನೆರಳಿಗೆ ವಿರುದ್ಧವಾಗಿ, ಸೂರ್ಯನ ಕಡೆಗೆ ನಿಂತರೆ ಅದೇ ಕಿಬ್ಲಾ, ನಮಾಝಿನ ದಿಕ್ಕು. ಆ್ಯಪ್ ಬೇಡ, ಏನೂ ಬೇಡ. ಜುಲೈನಲ್ಲಿ ಮಳೆ ಬಿಟ್ಟು ಸೂರ್ಯ ಕಾಣಿಸಿದರೆ, ಅಷ್ಟೇ.

ಆದರೆ ದಿಕ್ಕನ್ನೇ ಹಿಡಿದು ಕೂರಬಾರದು. ಮದೀನಾದಲ್ಲಿ ಮೊದಲ 16–17 ತಿಂಗಳು ಮುಸ್ಲಿಮರು ಜೆರುಸಲೇಮಿನ ಕಡೆ ತಿರುಗಿ ನಮಾಝ್ ಮಾಡುತ್ತಿದ್ದರು. ಆಮೇಲೆ ಕಾಬಾ ಕಡೆ ತಿರುಗಿ ಅಂತ ಆದೇಶ ಬಂತು. ಆ ಬದಲಾವಣೆ ಬಗ್ಗೆ ಮಾತು ಬಂದ ಅಧ್ಯಾಯದಲ್ಲೇ ಇನ್ನೊಂದು ವಚನವಿದೆ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡುವುದು ಧರ್ಮವಲ್ಲ. ದೇವರನ್ನು ನಂಬಿ, ನಂಟರಿಗೆ, ಅನಾಥರಿಗೆ, ಬಡವರಿಗೆ, ದಾರಿಹೋಕರಿಗೆ ತನ್ನ ಪ್ರೀತಿಯ ಸಂಪತ್ತನ್ನು ಕೊಡುವುದು ಧರ್ಮ. ಈ ವಚನವನ್ನು ಕಿಬ್ಲಾ ಗೋಡೆಯ ಮೇಲೇ ಬರೆಸಿದರೆ ಒಳ್ಳೆಯದು ಅಂತ ನನಗೆ ಆಗಾಗ ಅನಿಸುತ್ತದೆ.

ಇನ್ನು ನಮಾಝಿನ ಒಳಗೆ ಬರೋಣ. ನಿಂತು ಕೈ ಕಟ್ಟಿದ ಮೇಲೆ ಮೊದಲು ಓದುವುದು ಫಾತಿಹಾ ಅನ್ನುವ ಸೂರ, ಅಂದರೆ ಕುರ್‌ಆನಿನ ಅಧ್ಯಾಯ. ಏಳು ಪುಟ್ಟ ವಚನಗಳು. ಪ್ರತಿ ರಕಅತ್‌ನಲ್ಲೂ ಓದಬೇಕು, ಅಂದರೆ ಫರ್ಝ್ ಒಂದರಲ್ಲೇ ದಿನಕ್ಕೆ 17 ಸಲ. ಕನ್ನಡದಲ್ಲಿ ಸ್ಥೂಲವಾಗಿ ಹೀಗೆ: ಎಲ್ಲ ಹೊಗಳಿಕೆ ಲೋಕಗಳ ಪಾಲಕನಾದ ಅಲ್ಲಾಹನಿಗೆ. ಅವನು ಪರಮ ದಯಾಳು, ಕರುಣಾಮಯಿ. ತೀರ್ಪಿನ ದಿನದ ಒಡೆಯ. ನಿನ್ನನ್ನೇ ಆರಾಧಿಸುತ್ತೇವೆ, ನಿನ್ನ ಹತ್ತಿರವೇ ಸಹಾಯ ಕೇಳುತ್ತೇವೆ. ನಮ್ಮನ್ನು ನೇರ ದಾರಿಯಲ್ಲಿ ನಡೆಸು, ನೀನು ಅನುಗ್ರಹಿಸಿದವರ ದಾರಿಯಲ್ಲಿ. ನಿನ್ನ ಕೋಪಕ್ಕೆ ಗುರಿಯಾದವರ, ದಾರಿ ತಪ್ಪಿದವರ ದಾರಿಯಲ್ಲಿ ಅಲ್ಲ.

ನಡುವಿನಲ್ಲಿ ಮಾತಿನ ದಿಕ್ಕು ಬದಲಾಯಿತು, ಗಮನಿಸಿದಿರಾ? ಮೊದಲು "ಅವನು, ಅವನು" ಅಂತ ಯಾರ ಬಗ್ಗೆಯೋ ಹೇಳುತ್ತಿದ್ದೆವು. ಇದ್ದಕ್ಕಿದ್ದ ಹಾಗೆ "ನೀನು" ಅಂತ ಎದುರಿಗೇ ಮಾತಾಡಲು ಶುರು ಮಾಡಿದೆವು. ಮೂರು ಮಾತು ಹೊಗಳುವಷ್ಟರಲ್ಲಿ ಎದುರಿಗೆ ಬಂದುಬಿಟ್ಟಿದ್ದೇವೆ. ಇನ್ನೊಂದು ವಿಷಯ: ಮನೆಯಲ್ಲಿ ಒಬ್ಬರೇ ನಮಾಝ್ ಮಾಡುವಾಗಲೂ "ನಾವು" ಅಂತಲೇ ಓದಬೇಕು. ನನ್ನನ್ನು ಮಾತ್ರ ನೇರ ದಾರಿಯಲ್ಲಿ ನಡೆಸು ಅಂತ ಕೇಳಲು ಇಲ್ಲಿ ಅವಕಾಶವೇ ಇಲ್ಲ.

ಇಮಾಮ್ ಮುಸ್ಲಿಮ್ ಅನ್ನುವವರ ಹದೀಸ್ ಸಂಗ್ರಹದ ಒಂದು ಹದೀಸ್ ಈ ಏಳು ವಚನಗಳನ್ನು ಸಂಭಾಷಣೆ ಅನ್ನುತ್ತದೆ. ಅಲ್ಲಾಹನು ಹೇಳುತ್ತಾನಂತೆ: ನಮಾಝನ್ನು ನನ್ನ ಮತ್ತು ನನ್ನ ದಾಸನ ನಡುವೆ ಎರಡು ಪಾಲು ಮಾಡಿದ್ದೇನೆ. ದಾಸ ಮೊದಲ ವಚನ ಓದಿದರೆ "ನನ್ನ ದಾಸ ನನ್ನನ್ನು ಸ್ತುತಿಸಿದ" ಅನ್ನುತ್ತಾನೆ. ಎರಡನೆಯದಕ್ಕೆ ಒಂದು ಉತ್ತರ, ಮೂರನೆಯದಕ್ಕೆ ಇನ್ನೊಂದು. "ನಿನ್ನನ್ನೇ ಆರಾಧಿಸುತ್ತೇವೆ" ಅನ್ನುವಲ್ಲಿಗೆ ಬಂದಾಗ "ಇದು ನನ್ನ ಮತ್ತು ನನ್ನ ದಾಸನ ನಡುವಿನ ಮಾತು, ಅವನು ಕೇಳಿದ್ದು ಅವನಿಗಿದೆ" ಅನ್ನುತ್ತಾನೆ. ಈ ಹದೀಸ್ ತಿಳಿದ ಮೇಲೆ ಫಾತಿಹಾವನ್ನು ಒಂದೇ ಉಸಿರಿನಲ್ಲಿ ಓದಲು ಸ್ವಲ್ಪ ನಾಚಿಕೆಯಾಗಬೇಕು. ಎದುರಿಗಿರುವವರು ಉತ್ತರ ಕೊಡುತ್ತಿರುವಾಗ ನಾವು ನಿಲ್ಲಿಸದೆ ಮಾತಾಡುತ್ತಾ ಹೋಗುವುದು ಸರಿಯಾ? ಪ್ರವಾದಿಯವರು(ಸ) ಒಂದೊಂದು ವಚನಕ್ಕೂ ನಿಲ್ಲಿಸಿ ಓದುತ್ತಿದ್ದರು ಅಂತ ಅವರ ಪತ್ನಿ ಉಮ್ಮು ಸಲಮಾ(ರ) ಹೇಳಿದ್ದಾರೆ. ನಮ್ಮ ಕೆಲವರು ರಂಝಾನಿನ ರಾತ್ರಿಯ ವಿಶೇಷ ನಮಾಝಾದ ತರಾವೀಹ್‌ನಲ್ಲಿ ಓದುವ ಸ್ಪೀಡು ನೋಡಿದರೆ ಕೊನೇ ಬಸ್ಸು ಹಿಡಿಯುವವರ ಹಾಗಿರುತ್ತದೆ.

ಆಮೇಲೆ ರುಕೂ, ಅಂದರೆ ಸೊಂಟದವರೆಗೆ ಬಗ್ಗುವುದು. ಆಮೇಲೆ ಸಜ್ದಾ, ಅಂದರೆ ನೆಲಕ್ಕೆ ಹಣೆ ಹಚ್ಚುವುದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನ್ನ ಮಟ್ಟಿಗೆ ಮಿಕ್ಕದ್ದೆಲ್ಲ ಈ ಜಾಗಕ್ಕೆ ಬರುವ ದಾರಿ.

ಸಜ್ದಾದಲ್ಲಿ ದೇಹದ ಏಳು ಭಾಗ ನೆಲ ಮುಟ್ಟಬೇಕು ಅಂತ ಹದೀಸ್ ಇದೆ: ಮೂಗಿನ ಜೊತೆ ಹಣೆ, ಎರಡು ಅಂಗೈ, ಎರಡು ಮಂಡಿ, ಎರಡು ಪಾದದ ಬೆರಳುಗಳು. ಒಂದು ರಕಅತ್‌ಗೆ ಎರಡು ಸಜ್ದಾ, ದಿನದ ಫರ್ಝ್‌ನಲ್ಲಿ 34. ನಾವು ತಲೆ ಎತ್ತಿ ನಡೆಯಲು ಏನೆಲ್ಲ ಪಾಡು ಪಡುತ್ತೇವೆ. ಆ ತಲೆಯನ್ನೇ ತಂದು, ಮುಂದಿನ ಸಾಲಿನವನ ಹಿಮ್ಮಡಿ ಇರುವ ಮಟ್ಟಕ್ಕೆ ಇಳಿಸಬೇಕು. ಆ ಮುಂದಿನವನು ನಿಮ್ಮ ಆಫೀಸಿನ ಜವಾನ ಇರಬಹುದು. ಸಫ್‌ನಲ್ಲಿ, ಅಂದರೆ ಸಾಲಿನಲ್ಲಿ, ಮೊದಲು ಬಂದವರು ಮುಂದೆ. ಲೇಟಾಗಿ ಬಂದರೆ ಮಸೀದಿಯ ಆಡಳಿತ ನೋಡುವ ಮುತವಲ್ಲಿಗೂ ಹಿಂದೆಯೇ ಜಾಗ.

ಅಷ್ಟು ಕೆಳಗೆ ಹೋದಾಗ ಹೇಳುವ ಮಾತು: "ಸುಬ್‌ಹಾನ ರಬ್ಬಿಯಲ್ ಅಅ್‌ಲಾ", ಅತ್ಯುನ್ನತನಾದ ನನ್ನ ಪ್ರಭು ಪರಿಶುದ್ಧನು. ಕುರ್‌ಆನ್ 96ನೇ ಅಧ್ಯಾಯದ ಕೊನೆಯಲ್ಲಿ "ಸಜ್ದಾ ಮಾಡು, ಹತ್ತಿರ ಬಾ" ಅನ್ನುತ್ತದೆ. ದಾಸ ತನ್ನ ಪ್ರಭುವಿಗೆ ಅತಿ ಹತ್ತಿರ ಇರುವುದು ಸಜ್ದಾದಲ್ಲಿ, ಅಲ್ಲಿ ಹೆಚ್ಚು ಹೆಚ್ಚು ಬೇಡಿಕೊಳ್ಳಿ ಅಂತ ಪ್ರವಾದಿಯವರು(ಸ) ಹೇಳಿದರು. ಇಲ್ಲಿ ಗುಡ್ಡ ಹತ್ತಬೇಕಾಗಿಲ್ಲ, ಹತ್ತಿರ ಹೋಗಲು ಇಳಿಯಬೇಕು.

ಸಜ್ದಾ ಮಾಡಿದರೆ ಮಿದುಳಿಗೆ ರಕ್ತ ಹೋಗುತ್ತದೆ, ಬಿಪಿ ಇಳಿಯುತ್ತದೆ ಅಂತೆಲ್ಲ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ನಮ್ಮವರೇ ಕಳಿಸುತ್ತಾರೆ. ನನಗೆ ಅದು ಇಷ್ಟವಾಗುವುದಿಲ್ಲ. ಬಿಪಿಗೆ ಡಾಕ್ಟರಿದ್ದಾರೆ. ಅಮ್ಮನ ಕಾಲು ಹಿಡಿದವನಿಗೆ "ಸೊಂಟಕ್ಕೆ ಒಳ್ಳೆ ವ್ಯಾಯಾಮ" ಅಂತ ಯಾರಾದರೂ ಹೇಳುತ್ತಾರಾ?

ನನ್ನ ಅಮ್ಮಿಗೆ ಈಗ ಮಂಡಿ ನೋವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಮಾಝ್ ಮಾಡುತ್ತಾರೆ. ರುಕೂಗೆ ಸ್ವಲ್ಪ ಬಾಗುತ್ತಾರೆ, ಸಜ್ದಾಕ್ಕೆ ಇನ್ನೊಂಚೂರು ಜಾಸ್ತಿ ಬಾಗುತ್ತಾರೆ. ಆ ಎರಡರ ನಡುವೆ ನಾಲ್ಕು ಬೆರಳು ವ್ಯತ್ಯಾಸ ಇರಬಹುದು. "ನೆಲಕ್ಕೆ ಹಣೆ ಹಚ್ಚಿ ಎಷ್ಟು ದಿನ ಆಯ್ತು" ಅಂತ ಒಂದೊಂದು ಸಲ ಗೊಣಗುತ್ತಾರೆ. ಧರ್ಮ ಅವರಿಗೆ ಪೂರ್ತಿ ವಿನಾಯಿತಿ ಕೊಟ್ಟಿದೆ. ಇಮ್ರಾನ್ ಬಿನ್ ಹುಸೈನ್(ರ) ಅನ್ನುವ ರೋಗಿಗೆ ಪ್ರವಾದಿಯವರು(ಸ) ಹೇಳಿದ್ದು ಇದೇ: ನಿಂತು ಮಾಡು, ಆಗದಿದ್ದರೆ ಕೂತು ಮಾಡು, ಅದೂ ಆಗದಿದ್ದರೆ ಮಲಗಿಕೊಂಡು ಮಾಡು. ಆದರೂ ನೆಲದ ಮೇಲೆ ಅವರಿಗೆ ಇರುವ ಆಸೆ ನೋಡಿದಾಗ, ಮಂಡಿ ಗಟ್ಟಿ ಇರುವ ನಾವು ಎಷ್ಟು ಅವಸರದಲ್ಲಿ ಎದ್ದುಬಿಡುತ್ತೇವೆ ಅನಿಸುತ್ತದೆ.

ಅವಸರದ ಬಗ್ಗೆ ಪ್ರವಾದಿಯವರಿಗೆ(ಸ) ಬಹಳ ಬೇಸರ ಇತ್ತು. ಒಬ್ಬ ಬಂದು ಬಡಬಡ ನಮಾಝ್ ಮುಗಿಸಿ ಸಲಾಂ ಹೇಳಿದ. "ವಾಪಸ್ ಹೋಗು, ನಮಾಝ್ ಮಾಡು. ನೀನು ನಮಾಝ್ ಮಾಡಿಲ್ಲ" ಅಂದರು. ಹೀಗೆ ಮೂರು ಸಲ ಆಯಿತು. ಕೊನೆಗೆ ಅವನೇ "ಇದಕ್ಕಿಂತ ಚೆನ್ನಾಗಿ ನನಗೆ ಬರುವುದಿಲ್ಲ, ಹೇಳಿಕೊಡಿ" ಅಂದ. ಅವರು ಹೇಳಿಕೊಟ್ಟಿದ್ದು ಮನಸ್ಸಿನ ಏಕಾಗ್ರತೆಯ ದೊಡ್ಡ ಪಾಠ ಅಲ್ಲ. ರುಕೂನಲ್ಲಿ ನೆಮ್ಮದಿಯಾಗಿ ನಿಲ್ಲು, ಎದ್ದು ನೇರ ನಿಲ್ಲು, ಸಜ್ದಾದಲ್ಲಿ ನೆಮ್ಮದಿಯಾಗಿ ಇರು, ಎದ್ದು ನೆಮ್ಮದಿಯಾಗಿ ಕೂರು. ಅಷ್ಟೇ. ಮೊದಲು ಮೈಯನ್ನು ನಿಲ್ಲಿಸು ಅಂದರು.

ಮನಸ್ಸಿನ ಪಾಠವನ್ನು ವಿಸ್ತಾರವಾಗಿ ಹೇಳಿದವರು 11ನೇ ಶತಮಾನದ ಇಮಾಮ್ ಗಝಾಲಿ. ಒಬ್ಬ ಮರದ ಕೆಳಗೆ ಕೂತು ಯೋಚನೆ ಮಾಡುತ್ತಿದ್ದಾನೆ, ಗುಬ್ಬಿಗಳು ಚಿಲಿಪಿಲಿ ಅಂತ ಕಾಟ ಕೊಡುತ್ತವೆ. ಕೋಲು ಬೀಸಿ ಓಡಿಸುತ್ತಾನೆ, ಕೂರುತ್ತಾನೆ, ಅವು ಮತ್ತೆ ಬರುತ್ತವೆ. ನಿನಗೆ ನಿಜವಾಗಿ ಬಿಡುಗಡೆ ಬೇಕಿದ್ದರೆ ಮರವನ್ನೇ ಕಡಿಯಬೇಕು ಅನ್ನುತ್ತಾರೆ ಗಝಾಲಿ. ಆಸೆಗಳು ಆ ಮರ, ಯೋಚನೆಗಳು ಗುಬ್ಬಿ. ಅವರು ದೊಡ್ಡವರು, ಹೇಳಿದ್ದು ಸರಿಯೇ. ಆದರೆ ಮನೆ, ಮಕ್ಕಳು, ಸಾಲ ಇರುವ ನಮ್ಮಂಥವರಿಗೆ ಮರ ಕಡಿಯುವುದು ಎಲ್ಲಿ ಸಾಧ್ಯ? ನಮ್ಮ ಪಾಲಿಗೆ ಕೋಲು ಬೀಸುವುದೇ ಇಬಾದತ್ತು, ಆರಾಧನೆ. ಗುಬ್ಬಿ ಬಂತು, ಓಡಿಸಿದೆ. ಮತ್ತೆ ಬಂತು, ಮತ್ತೆ ಓಡಿಸಿದೆ.

ಇದು ನನ್ನ ಸ್ವಂತ ಸಮಾಧಾನ ಅಂತ ನೀವು ಅನ್ನಬಹುದು. ಅದಕ್ಕೇ ಒಂದು ಘಟನೆ ಹೇಳುತ್ತೇನೆ. ಒಮ್ಮೆ ಪ್ರವಾದಿಯವರು(ಸ) ನಾಲ್ಕು ರಕಅತ್ ಮಾಡಿಸಬೇಕಾದಲ್ಲಿ ಎರಡಕ್ಕೇ ಸಲಾಂ ಹೇಳಿ ಮುಗಿಸಿಬಿಟ್ಟರು. ಎದ್ದು ಹೋಗಿ ಮಸೀದಿಯ ಒಂದು ಮರದ ತುಂಡಿಗೆ ಒರಗಿ ನಿಂತರು. ಜನಕ್ಕೆ ಗೊಂದಲ. ಅಬೂಬಕರ್, ಉಮರ್ ಅಂಥ ಆಪ್ತ ಸಂಗಾತಿಗಳೂ ಅಲ್ಲಿದ್ದರು, ಆದರೆ ಕೇಳಲು ಅವರಿಗೂ ಧೈರ್ಯ ಬರಲಿಲ್ಲ. ಕೇಳಿದವನು ಕೈ ಉದ್ದ ಇದ್ದದ್ದಕ್ಕೆ ಝುಲ್‌ಯದೈನ್ ಅಂತ ಹೆಸರಾಗಿದ್ದ ಒಬ್ಬ ಸಾಮಾನ್ಯ ಮನುಷ್ಯ: "ನಮಾಝ್ ಕಡಿಮೆ ಆಯಿತೇ, ಇಲ್ಲ ನೀವು ಮರೆತಿರೇ?" ಪ್ರವಾದಿಯವರು(ಸ) ಬೇರೆಯವರನ್ನು ವಿಚಾರಿಸಿದರು. ಅವರೂ ಹೌದು, ಎರಡೇ ಆಯಿತು ಅಂದರು. ಮತ್ತೆ ಬಂದು ಉಳಿದದ್ದನ್ನು ಪೂರ್ತಿ ಮಾಡಿ, ಎರಡು ಸಜ್ದಾ ಹೆಚ್ಚು ಮಾಡಿದರು. ಇನ್ನೊಂದು ಸಂದರ್ಭದಲ್ಲಿ ಇಂಥದ್ದೇ ಆದಾಗ "ನಾನೂ ನಿಮ್ಮಂತೆ ಮನುಷ್ಯ. ನೀವು ಮರೆಯುವ ಹಾಗೆ ನಾನೂ ಮರೆಯುತ್ತೇನೆ. ಮರೆತರೆ ನೆನಪಿಸಿ" ಅಂದರು.

ಆ ಎರಡು ಸಜ್ದಾಕ್ಕೆ ಸಜ್ದಾ ಸಹ್ವ್ ಅನ್ನುತ್ತಾರೆ, ಮರೆವಿನ ಸಜ್ದಾ. ಮರೆವಿಗೆ ಶಿಕ್ಷೆ ಇಟ್ಟಿಲ್ಲ, ಇನ್ನೂ ಎರಡು ಸಲ ಹತ್ತಿರ ಬಾ ಅಂತ ಇಟ್ಟಿದ್ದಾರೆ. ಮನಸ್ಸು ಓಡುತ್ತದೆ ಅಂತ ಗೊತ್ತಿದ್ದೇ ಕಟ್ಟಿದ್ದು ಅಂತ ನಾನು ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇಲ್ಲ.

ಜಮಾಅತ್ ಬಗ್ಗೆ, ಅಂದರೆ ಜೊತೆಗೂಡಿ ಮಾಡುವ ನಮಾಝಿನ ಬಗ್ಗೆ ಒಂದು ಮಾತು. ಮುಆಝ್ ಬಿನ್ ಜಬಲ್(ರ) ಅಂತ ಒಬ್ಬ ಸಹಾಬಿ, ಪ್ರವಾದಿಯವರ ಸಂಗಾತಿ, ತಮ್ಮ ಜನಕ್ಕೆ ಇಮಾಮ್ ಆಗಿ ನಿಲ್ಲುತ್ತಿದ್ದರು. ಒಂದು ರಾತ್ರಿ ಸೂರ ಬಕರಾ ಶುರು ಮಾಡಿದರು. ಕುರ್‌ಆನಿನಲ್ಲೇ ಎಲ್ಲಕ್ಕಿಂತ ಉದ್ದದ ಅಧ್ಯಾಯ, 286 ವಚನ! ದಿನವಿಡೀ ಒಂಟೆ ಕಟ್ಟಿ ನೀರು ಸೇದಿ ಸುಸ್ತಾಗಿದ್ದ ಒಬ್ಬ ಕೂಲಿ ಮನುಷ್ಯ ಸಾಲಿನಿಂದ ಹೊರಬಂದು, ತಾನೇ ಚಿಕ್ಕದಾಗಿ ಮುಗಿಸಿ ಹೊರಟುಹೋದ. ಮುಆಝ್ ಅವನನ್ನು ಕಪಟಿ ಅಂದರು. ದೂರು ಪ್ರವಾದಿಯವರ(ಸ) ಹತ್ತಿರ ಹೋಯಿತು. ಅವರು ಬೈದದ್ದು ಮುಆಝ್‌ಗೆ: "ಜನರನ್ನು ಕಷ್ಟಕ್ಕೆ ಸಿಕ್ಕಿಸುತ್ತೀಯಾ?" ಅಂತ ಮೂರು ಸಲ. ಚಿಕ್ಕ ಸೂರಗಳನ್ನು ಓದು, ಹಿಂದೆ ವಯಸ್ಸಾದವರು, ಬಲಹೀನರು, ಕೆಲಸ ಇರುವವರು ಇರುತ್ತಾರೆ ಅಂದರು. ಮಗು ಅಳುವುದು ಕೇಳಿಸಿದರೆ ತಾಯಿಗೆ ಸಂಕಟ ಆಗುತ್ತದೆ ಅಂತ ಅವರೇ ನಮಾಝನ್ನು ಚಿಕ್ಕದು ಮಾಡುತ್ತಿದ್ದರು. ದೇವರ ಎದುರು ನಿಂತಾಗಲೂ ಕಿವಿ ಹಿಂದಿನ ಸಾಲಿನ ಮೇಲೆ!

ಆ ತಾಯಿ ಎಲ್ಲಿದ್ದರು? ಮಸೀದಿಯಲ್ಲೇ ಇದ್ದರು, ಅದಕ್ಕೇ ಅಳು ಕೇಳಿಸಿತು. "ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬೇಡಿ" ಅಂತ ಸ್ಪಷ್ಟ ಹದೀಸ್ ಇದೆ. ಇವತ್ತು ಬಂದ ಅಕ್ಕಂದಿರು "ನಿಮ್ಮ ಹೆಂಗಸರು ಎಲ್ಲಿ ನಮಾಝ್ ಮಾಡುತ್ತಾರೆ?" ಅಂತ ಕೇಳಿದರು. ಹೆಚ್ಚಿನವರು ಮನೆಯಲ್ಲಿ. ನಮ್ಮ ಎಷ್ಟೋ ಮಸೀದಿಗಳಲ್ಲಿ ಅವರಿಗೆ ಬೇರೆ ಜಾಗವೇ ಮಾಡಿಲ್ಲ. ಇದಕ್ಕೆ ಕಾರಣ ಕೊಡುವವರಿದ್ದಾರೆ. ನನಗೆ ಆ ಕಾರಣಗಳು ಒಪ್ಪಿಗೆಯಾಗಿಲ್ಲ, ಅದನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ.

ಕೊನೆಗೆ ನಮಾಝ್ ಮುಗಿಯುವುದು ಬಲಕ್ಕೂ ಎಡಕ್ಕೂ ಸಲಾಂ ಹೇಳುವುದರಿಂದ. ಅಕ್ಕಪಕ್ಕದವರಿಗೆ ಶಾಂತಿ ಕೋರಿ ಎದ್ದಮೇಲೆ ಅಕ್ಕಪಕ್ಕದವರ ಜೊತೆ ಹೇಗಿರುತ್ತೇವೆ? ಇಲ್ಲಿ ಕುರ್‌ಆನ್ ಮುಲಾಜಿಲ್ಲದೆ ಮಾತಾಡುತ್ತದೆ. 107ನೇ ಅಧ್ಯಾಯ ಮಾಊನ್, ಏಳೇ ವಚನ. ಧರ್ಮವನ್ನು ಸುಳ್ಳು ಅನ್ನುವವನು ಯಾರು ಗೊತ್ತಾ ಅಂತ ಕೇಳಿ, ಅನಾಥನನ್ನು ತಳ್ಳುವವನು, ಬಡವನ ಊಟಕ್ಕೆ ಪ್ರೋತ್ಸಾಹ ಕೊಡದವನು ಅನ್ನುತ್ತದೆ. ಮುಂದೆ ನೇರವಾಗಿ ನಮಾಝ್ ಮಾಡುವವರ ಕಡೆಗೇ ತಿರುಗುತ್ತದೆ. ತಮ್ಮ ನಮಾಝಿನ ಬಗ್ಗೆ ಅಸಡ್ಡೆ ಇರುವ, ತೋರಿಕೆಗೆ ಮಾಡುವ, ಸಣ್ಣಪುಟ್ಟ ವಸ್ತುವನ್ನೂ ಕೊಡದ ನಮಾಝಿಗಳಿಗೆ ವಿನಾಶ ಕಾದಿದೆ. ಸಣ್ಣಪುಟ್ಟ ವಸ್ತು ಅಂದರೆ ಪಕ್ಕದ ಮನೆಯವರು ಎರವಲು ಕೇಳುವ ಪಾತ್ರೆ, ಬಕೆಟ್, ಕೊಡಲಿ ಅಂತ ಹಳೆಯ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹಣೆಯ ಮೇಲೆ ಸಜ್ದಾದ ಕಪ್ಪು ಗುರುತು ಬೆಳೆಸಿಕೊಂಡು, ಬಾಡಿಗೆದಾರನಿಗೆ ಅಡ್ವಾನ್ಸ್ ವಾಪಸ್ ಕೊಡದೆ ಸತಾಯಿಸುವವರು ಈ ಏಳು ವಚನ ಓದಬೇಕು. ಓದುತ್ತಾರೆ ಕೂಡ, ಚಿಕ್ಕ ಸೂರ ಅಲ್ವಾ, ನಮಾಝಿನಲ್ಲೇ ಓದುತ್ತಾರೆ.

ಭಾಷಣ ಇಷ್ಟು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಮೇಷ್ಟ್ರು ಕೇಳಿದರು: ಅರಬಿಯಲ್ಲೇ ಯಾಕೆ, ಕನ್ನಡದಲ್ಲಿ ಯಾಕೆ ಮಾಡಬಾರದು? ನಮಾಝಿನಲ್ಲಿ ಓದುವುದು ಕುರ್‌ಆನಿನ ಮೂಲ ಮಾತುಗಳು, ಹಾಗಾಗಿ ಅರಬಿ. ಇಂಡೊನೇಷ್ಯಾದವನು ನಮ್ಮ ಊರಿನ ಮಸೀದಿಗೆ ಬಂದರೂ ಅವನಿಗೆ ಯಾವುದೂ ಹೊಸದು ಅನಿಸುವುದಿಲ್ಲ. ಆದರೆ ಮುಗಿದ ಮೇಲೆ ಕೈ ಎತ್ತಿ ಬೇಡುವುದು ಯಾವ ಭಾಷೆಯಲ್ಲಾದರೂ ಸರಿ. ಅರ್ಥ ತಿಳಿಯದೆ ಓದುವುದು ನಮ್ಮವರ ದೊಡ್ಡ ಕೊರತೆ. ಕನ್ನಡದಲ್ಲಿ ಕುರ್‌ಆನ್ ಅನುವಾದಗಳಿವೆ. ಫಾತಿಹಾ ಏಳೇ ವಚನ, ಒಂದು ಸಂಜೆಯಲ್ಲಿ ಅರ್ಥ ಕಲಿಯಬಹುದು.

ನಮ್ಮದೇ ಒಬ್ಬ ಕಾಲೇಜು ಹುಡುಗ ಕೇಳಿದ: "ನನಗೆ ನಮಾಝಿನಲ್ಲಿ ಏನೂ ಅನಿಸುವುದೇ ಇಲ್ಲ ಚಾಚಾ. ಸುಮ್ನೆ ಎದ್ದು ಕೂತ ಹಾಗಿರುತ್ತದೆ. ಆದರೂ ಮಾಡಬೇಕಾ?" ಅವನಿಗೆ ಒಂದು ಹದೀಸ್ ಹೇಳಿದೆ. ಒಬ್ಬ ನಮಾಝ್ ಮುಗಿಸಿ ಹೊರಡುತ್ತಾನೆ, ಅವನ ಖಾತೆಗೆ ಅದರ ಹತ್ತನೇ ಒಂದು ಭಾಗ ಮಾತ್ರ ಬರೆದಿರುತ್ತದೆ. ಒಬ್ಬನಿಗೆ ಒಂಬತ್ತನೇ ಒಂದು, ಒಬ್ಬನಿಗೆ ಎಂಟನೇ ಒಂದು, ಹೀಗೆ ಅರ್ಧದವರೆಗೆ ಹೋಗಿ ಪ್ರವಾದಿಯವರು(ಸ) ಮಾತು ನಿಲ್ಲಿಸುತ್ತಾರೆ. ನೋಡು, ಪಟ್ಟಿಯಲ್ಲಿ ಪೂರ್ತಿ ಅನ್ನುವುದೇ ಇಲ್ಲ. ಹತ್ತನೇ ಒಂದು ಅಂದರೂ ಸೊನ್ನೆ ಅಲ್ಲ. ನೀನು ಇವತ್ತು ಹತ್ತನೇ ಒಂದರಿಂದ ಒಂಬತ್ತನೇ ಒಂದಕ್ಕೆ ಬಾ ಅಂದೆ. ಲೆಕ್ಕದ ವಿದ್ಯಾರ್ಥಿಯಂತೆ, ತಲೆ ಆಡಿಸಿದ.

ಕೊನೆಯದು ಒಬ್ಬ ಫ್ಯಾಕ್ಟರಿ ಕೆಲಸಗಾರನ ಪ್ರಶ್ನೆ. ಶಿಫ್ಟಿನ ನಡುವೆ ಹೊತ್ತು ಬಂದರೆ ಏನು ಮಾಡಲಿ? ಹೊತ್ತು ಅಂದರೆ ಅಝಾನ್ ಕೂಗಿದ ಆ ನಿಮಿಷ ಅಲ್ಲ, ಅದಕ್ಕೊಂದು ಅವಧಿ ಇದೆ. ನಮ್ಮ ಕಡೆ ಝುಹರ್‌ಗೆ ಸುಮಾರು ಮೂರು ಗಂಟೆಯಾದರೂ ಸಿಗುತ್ತದೆ. ನಾಲ್ಕು ರಕಅತ್ ಫರ್ಝ್ ನೆಮ್ಮದಿಯಾಗಿ ಮಾಡಿದರೂ ಏಳೆಂಟು ನಿಮಿಷ. ಊಟದ ಬಿಡುವಿನಲ್ಲಿ ಆಗುತ್ತದೆ. ಕಷ್ಟ ಇರುವುದು ಮಗ್ರಿಬ್‌ಗೆ, ಅದರ ಅವಧಿ ಚಿಕ್ಕದು. ಸೂಪರ್‌ವೈಸರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ, ಹತ್ತು ನಿಮಿಷ ತೆಗೆದುಕೊಂಡರೆ ಆಮೇಲೆ ಹತ್ತು ನಿಮಿಷ ಜಾಸ್ತಿ ಕೆಲಸ ಮಾಡಿಕೊಡಿ. ಎರಡು ಹೊತ್ತನ್ನು ಜೋಡಿಸಿ ಮಾಡಬಹುದಾ ಅಂತ ಕೇಳಿದಿರಿ. ಪ್ರಯಾಣದಲ್ಲಿ ಶಾಫಿಗಳು ಜೋಡಿಸುತ್ತಾರೆ, ಹನಫಿಗಳು ಹಜ್ಜ್ ಬಿಟ್ಟರೆ ಜೋಡಿಸುವುದಿಲ್ಲ. ಶಿಫ್ಟಿನ ವಿಷಯವನ್ನು ನಿಮ್ಮ ಮಸೀದಿಯ ಇಮಾಮರ ಹತ್ತಿರ ಕೂತು ಕೇಳಿ. ನಾನು ಭಾಷಣ ಮಾಡುವವನು, ಫತ್ವಾ ಕೊಡುವವನಲ್ಲ.